ಬೀಡಿಯ ಲೆಕ್ಕ ಚೀಟಿಯಲ್ಲಿ ಏಕಿಲ್ಲ?

ಸ್ಕಿಜೋಫ್ರೇನಿಯಾಕ್ಕೆ ಬೇರೆ ಔಷಧಗಳು ಫಲ ಕೊಡದಾಗ ಮನೋವೈದ್ಯರು ಬರೆಯುವ ಮಾತ್ರೆ ಕ್ಲೋಜಪಿನ್. ಅದು ರಕ್ತದ ಬಿಳಿಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದಾದ್ದರಿಂದ ಮೊದಲ ಕೆಲವು ತಿಂಗಳು ವಾರವಾರವೂ ರಕ್ತ ಪರೀಕ್ಷೆ ಮಾಡಿಸಬೇಕು. ಮನೆಯವರು ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಆ ವರದಿಗಳನ್ನೆಲ್ಲ ಫೈಲಿನಲ್ಲಿ ಜೋಪಾನವಾಗಿಟ್ಟುಕೊಂಡು ಆಸ್ಪತ್ರೆಗೆ ಬರುತ್ತಾರೆ. ಅದೇ ಫೈಲನ್ನು ತಿರುವಿ ನೋಡಿದರೆ, ರೋಗಿ ದಿನಕ್ಕೆ ಎಷ್ಟು ಬೀಡಿ ಸೇದುತ್ತಾನೆ ಎಂಬುದು ಎಷ್ಟೋ ಸಲ ಎಲ್ಲೂ ಬರೆದಿರುವುದಿಲ್ಲ. ಇರಲೇಬೇಕಾದ ಮಾಹಿತಿ ಅದು.

ತಂಬಾಕು ಸುಟ್ಟಾಗ ಏಳುವ ಹೊಗೆಯಲ್ಲಿನ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಕ್ಲೋಜಪಿನ್ ಅನ್ನು ಒಡೆದು ದೇಹದಿಂದ ಹೊರಹಾಕುವ ಕೆಲಸ ಬಹುಪಾಲು ಆ ಕಿಣ್ವದ್ದೇ. ಹಾಗಾಗಿ ಬೀಡಿ ಸೇದುವವನ ರಕ್ತದಲ್ಲಿ ಮಾತ್ರೆ ಬೇಗ ಕರಗಿಹೋಗುತ್ತದೆ. ಸೇದದವನಿಗಿಂತ ಅವನಿಗೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಈಗ ಅವನನ್ನು ವಾರ್ಡಿಗೆ ದಾಖಲಿಸಿದರು ಎಂದುಕೊಳ್ಳಿ. ಅಲ್ಲಿ ಬೀಡಿ ಇಲ್ಲ. ಒಂದು ವಾರದೊಳಗೆ ಕಿಣ್ವದ ಅಬ್ಬರ ತಗ್ಗುತ್ತದೆ, ಅದೇ ಮಾತ್ರೆಯ ಮಟ್ಟ ರಕ್ತದಲ್ಲಿ ಒಂದೂವರೆ ಪಟ್ಟು ಅಥವಾ ಅದಕ್ಕೂ ಹೆಚ್ಚು ಏರಬಹುದು. ಜೊಲ್ಲು ಸುರಿಯುತ್ತದೆ, ಹಗಲೆಲ್ಲ ಮಂಪರು, ಕೆಲವರಿಗೆ ಫಿಟ್ಸ್ ಬರುತ್ತದೆ. ವೈದ್ಯರು ಪ್ರಮಾಣ ಇಳಿಸುತ್ತಾರೆ, ರೋಗಿ ಸುಧಾರಿಸುತ್ತಾನೆ, ಡಿಸ್ಚಾರ್ಜ್ ಆಗುತ್ತದೆ. ಆಸ್ಪತ್ರೆಯ ಗೇಟು ದಾಟಿದವನೇ ಗೂಡಂಗಡಿಯಲ್ಲಿ ಒಂದು ಕಟ್ಟು ಬೀಡಿ ಕೊಳ್ಳುತ್ತಾನೆ. ಕೆಲವು ವಾರಗಳಲ್ಲಿ ಕಿವಿಯಲ್ಲಿ ದನಿಗಳು ಮತ್ತೆ ಶುರುವಾಗುತ್ತವೆ. ‘ಮಾತ್ರೆ ಸರಿಯಾಗಿ ನುಂಗಿಲ್ಲ’ ಎಂದು ಮನೆಯಲ್ಲಿ ಜಗಳ. ಅವನು ಒಂದು ಹೊತ್ತೂ ತಪ್ಪಿಸದೆ ನುಂಗಿರುತ್ತಾನೆ.

ಇದಕ್ಕೆ ಕಾರಣ ನಿಕೋಟಿನ್ ಅಲ್ಲ, ಹೊಗೆ. ಹಾಗಾಗಿ ಹೊಗೆಸೊಪ್ಪು ಜಗಿಯುವವರಲ್ಲಿ, ಗುಟ್ಕಾ ಹಾಕುವವರಲ್ಲಿ, ನಿಕೋಟಿನ್ ಚೂಯಿಂಗ್ ಗಮ್ ಅಗಿಯುವವರಲ್ಲಿ ಈ ಏರಿಳಿತ ಆಗುವುದಿಲ್ಲ. ಒಲಾಂಜಪಿನ್ ಎಂಬ, ನಮ್ಮಲ್ಲಿ ಧಾರಾಳವಾಗಿ ಬಳಕೆಯಲ್ಲಿರುವ ಮಾತ್ರೆಯ ಮೇಲೂ ಹೊಗೆ ಇದೇ ಬಗೆಯ ಪರಿಣಾಮ ಬೀರುತ್ತದೆ, ತುಸು ಕಡಿಮೆ ಮಟ್ಟದಲ್ಲಿ. ವೈದ್ಯವಿದ್ಯಾರ್ಥಿಗಳ ಪಠ್ಯದಲ್ಲೇ ಇರುವ ಈ ಸಂಗತಿ ರೋಗಿಯ ತಾಯಿಗೆ, ಹೆಂಡತಿಗೆ, ಅಣ್ಣನಿಗೆ ಗೊತ್ತಿರುವುದಿಲ್ಲ. ಗೊತ್ತಾಗಬೇಕಾದದ್ದು ಅವರಿಗೇ. ಬೀಡಿ ನಿಂತದ್ದನ್ನೂ ಶುರುವಾದದ್ದನ್ನೂ ಮೊದಲು ಕಾಣುವವರು ಅವರು.

ಬೀಡಿಯಿಂದ ಮಾತು ಶುರು ಮಾಡಿದ್ದಕ್ಕೆ ಕಾರಣವಿದೆ. ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರ ಚಟ ಎಂದರೆ ನಮಗೆ ಗಾಂಜಾ ನೆನಪಾಗುತ್ತದೆ, ಸಿಂಥೆಟಿಕ್ ಡ್ರಗ್ಸ್ ನೆನಪಾಗುತ್ತದೆ, ಪೊಲೀಸರು ಮೇಜಿನ ಮೇಲೆ ಜೋಡಿಸಿಟ್ಟ ಪೊಟ್ಟಣಗಳ ಫೋಟೊ ನೆನಪಾಗುತ್ತದೆ. ಆದರೆ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನೋಡಿದರೆ, ವಯಸ್ಕರಲ್ಲಿ ನೂರಕ್ಕೆ ಸುಮಾರು 21 ಮಂದಿಗೆ ತಂಬಾಕಿನ ಚಟವಿತ್ತು, 5ರ ಆಸುಪಾಸು ಜನಕ್ಕೆ ಮದ್ಯದ ಸಮಸ್ಯೆಯಿತ್ತು. ಏಮ್ಸ್‌ನ ರಾಷ್ಟ್ರೀಯ ವ್ಯಸನ ಚಿಕಿತ್ಸಾ ಕೇಂದ್ರ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಗಾಂಜಾ–ಭಂಗಿ ಬಳಸುವವರು ಸುಮಾರು 3 ಕೋಟಿ. ಮನೋರೋಗ ಇರುವವರು ಈ ಊರಿನವರೇ, ಈ ಮನೆಗಳವರೇ. ಅವರ ಕೈಗೆ ಸುಲಭವಾಗಿ ಸಿಗುವುದೂ ಬೀದಿಯ ಕೊನೆಯ ಅಂಗಡಿಯಲ್ಲಿರುವುದೇ: ಬೀಡಿ, ಹೊಗೆಸೊಪ್ಪು, ಗುಟ್ಕಾ, ತೊಂಬತ್ತು ಎಂಎಲ್‌ನ ಪ್ಯಾಕೆಟ್ಟು. ಹೆಂಗಸರ ವಿಷಯದಲ್ಲಂತೂ ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು ಚಟದ ಲೆಕ್ಕಕ್ಕೇ ಬರುವುದಿಲ್ಲ. ಕೇಳಿದರೆ ‘ಏನೂ ಇಲ್ಲ’ ಎಂಬ ಉತ್ತರ ಬರುತ್ತದೆ, ಬಾಯಲ್ಲಿ ಆಗ ಅದೇ ಇದ್ದರೂ.

ಮನೋರೋಗ, ಚಟ ಎರಡೂ ಒಟ್ಟಿಗಿರುವುದು ಅಪರೂಪವಲ್ಲ. 20 ಸಾವಿರಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿ ನಡೆಸಿದ ಅಮೆರಿಕದ ಅಧ್ಯಯನವೊಂದರ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಸುಮಾರು 47 ಪ್ರತಿಶತ ಮಂದಿಗೆ, ಬೈಪೋಲಾರ್ ಕಾಯಿಲೆ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬದುಕಿನ ಯಾವುದಾದರೊಂದು ಘಟ್ಟದಲ್ಲಿ ಮದ್ಯ ಅಥವಾ ಮಾದಕವಸ್ತುವಿನ ಸಮಸ್ಯೆ ಇತ್ತೆಂದು ಅದು ಹೇಳಿತು. ಅಲ್ಲಿನ ಅಂಕಿಗಳನ್ನು ಹಾಗೇ ತಂದು ಇಲ್ಲಿಗೆ ಹೊಂದಿಸಲಾಗದು. ಚೆನ್ನೈನ ಸ್ಕಾರ್ಫ್ ಸಂಸ್ಥೆಯ ಆರ್. ತಾರಾ ಮತ್ತು ಟಿ.ಎನ್. ಶ್ರೀನಿವಾಸನ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಪಶ್ಚಿಮದಲ್ಲಿ ಸ್ಕಿಜೋಫ್ರೇನಿಯಾ ಇರುವವರು ಉಳಿದವರಿಗಿಂತ ಎಷ್ಟೋ ಪಟ್ಟು ಹೆಚ್ಚು ಸೇದುತ್ತಾರೆ. ರೋಗಗ್ರಸ್ತ ಮೆದುಳೇ ನಿಕೋಟಿನ್ ಬೇಡುತ್ತದೆ ಎಂಬ ವಿವರಣೆ ಅಲ್ಲಿ ಬೇರೂರಿತ್ತು. ಚೆನ್ನೈನ ಗಂಡಸು ರೋಗಿಗಳಲ್ಲಿ ಸೇದುವವರ ಪ್ರಮಾಣ ಸಾಮಾನ್ಯ ಗಂಡಸರಿಗಿಂತ ಹೆಚ್ಚಿರಲಿಲ್ಲ. ಎಲ್ಲವೂ ಮೆದುಳಿನ ರಸಾಯನದಿಂದಲೇ ನಡೆಯುವುದಿಲ್ಲ ಎಂದು ಸಂಶೋಧಕರು ಹೇಳಿದರು. ಇಲ್ಲಿ ರೋಗಿ ಇರುವುದು ಅಪ್ಪ–ಅಮ್ಮನ ಜೊತೆ. ದುಡ್ಡಿನ ಕೀಲಿ ಅವರ ಕೈಯಲ್ಲಿ. ಹಿರಿಯರೆದುರು ಸೇದುವುದಕ್ಕೆ ಸಂಕೋಚ. ನಮ್ಮ ಮನೆಗಳ ಬಿಗಿಯನ್ನು ಬೈಯಲು ಕಾರಣಗಳು ಬೇಕಾದಷ್ಟಿವೆ. ಆದರೆ ಆ ಬಿಗಿ ಎಷ್ಟೋ ಶ್ವಾಸಕೋಶಗಳನ್ನು ಕಾಪಾಡಿದೆ ಎಂಬುದನ್ನೂ ಹೇಳಬೇಕು.

ನಿಕೋಟಿನ್ ಬೇಡುವ ಮೆದುಳಿನ ಆ ಕತೆಗೆ ಮೊಳಕೆ ಬಂದ ನೆಲವನ್ನೂ ನೋಡಬೇಕು. ಅಮೆರಿಕದ ಮನೋರೋಗ ಆಸ್ಪತ್ರೆಗಳಲ್ಲಿ ದಶಕಗಟ್ಟಲೆ ಸಿಗರೇಟೇ ನಾಣ್ಯವಾಗಿತ್ತು. ಹಾಸಿಗೆ ಸರಿಮಾಡಿದರೆ, ಹೇಳಿದ ಮಾತು ಕೇಳಿದರೆ ಸಿಗರೇಟು. ಹಟ ಮಾಡಿದರೆ ಇಲ್ಲ. ಸೇದದೆ ಒಳಗೆ ಬಂದವರೂ ಸೇದುವವರಾಗಿ ಹೊರಗೆ ಹೋದರು. 1990ರ ದಶಕದ ಆರಂಭದಲ್ಲಿ ಅಲ್ಲಿನ ಆಸ್ಪತ್ರೆಗಳೆಲ್ಲ ಹೊಗೆಮುಕ್ತವಾಗಬೇಕೆಂಬ ನಿಯಮ ಬಂದಾಗ ಮನೋರೋಗ ವಿಭಾಗಗಳಿಗೆ ವಿನಾಯಿತಿ ಸಿಕ್ಕಿತು. ಆ ವಿನಾಯಿತಿಗಾಗಿ ತಂಬಾಕು ಕಂಪನಿಗಳು ತೆರೆಮರೆಯಲ್ಲಿ ಕೆಲಸ ಮಾಡಿದ್ದವು. ಹೊಗೆ ರೋಗಿಗೆ ಔಷಧದಂತೆ ಎಂಬ ವಾದಕ್ಕೆ ಬೆಂಬಲ ಕೊಡುವ ಸಂಶೋಧನೆಗೆ ಹಣ ಸುರಿದಿದ್ದವು. ಮೊಕದ್ದಮೆಗಳಿಂದಾಗಿ ಬಯಲಾದ ಕಂಪನಿಗಳ ಕಾಗದಪತ್ರಗಳನ್ನು ಓದಿ ಜೂಡಿತ್ ಪ್ರೊಚಾಸ್ಕಾ ಮತ್ತು ಸಂಗಡಿಗರು 2008ರಲ್ಲಿ ಇದನ್ನೆಲ್ಲ ವಿವರವಾಗಿ ಬರೆದರು. 2000ದಲ್ಲಿ ಪ್ರಕಟವಾದ ಇನ್ನೊಂದು ಲೆಕ್ಕ ಹೇಳುವಂತೆ, ಆ ದೇಶದಲ್ಲಿ ಸುಟ್ಟುಹೋಗುವ ಸಿಗರೇಟುಗಳಲ್ಲಿ ಸುಮಾರು 44 ಪ್ರತಿಶತ ಮನೋರೋಗ ಇರುವವರ ಕೈಯಲ್ಲಿತ್ತು. ಯಾವ ವ್ಯಾಪಾರಿಯೂ ಬಿಟ್ಟುಕೊಡಲು ಬಯಸದ ಗಿರಾಕಿ.

ಕಂಪನಿಗಳ ದುಡ್ಡಿಲ್ಲದೆಯೂ ಅದೇ ಮಾತು ನಮ್ಮ ಮನೆಗಳಲ್ಲಿ ಕೇಳುತ್ತದೆ. ‘ಪಾಪ, ಅವನಿಗೆ ಇರೋದು ಅದೊಂದೇ ಸುಖ, ಸೇದಲಿ ಬಿಡಿ.’ ಪ್ರೀತಿಯಿಂದ ಬಂದ ಮಾತು, ಅದರಲ್ಲಿ ಅನುಮಾನವಿಲ್ಲ. ತೀವ್ರ ಮನೋರೋಗ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಆ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಹೃದಯದ, ಶ್ವಾಸಕೋಶದ, ಸಕ್ಕರೆ ಕಾಯಿಲೆಯಂಥ ದೇಹದ ರೋಗಗಳು. ಬೀಡಿ ಬಿಟ್ಟರೆ ಮನಸ್ಸು ಕೆಡುತ್ತದೆ ಎಂಬ ಭಯಕ್ಕೂ ಆಧಾರ ಕಡಿಮೆ. ತಂಬಾಕು ಬಿಡಿಸಲು ಕೊಡುವ ವರೆನಿಕ್ಲಿನ್ ಮತ್ತು ಬುಪ್ರೊಪಿಯಾನ್ ಮಾತ್ರೆಗಳನ್ನು 8 ಸಾವಿರಕ್ಕೂ ಹೆಚ್ಚು ಜನರ ಮೇಲೆ, ಅವರಲ್ಲಿ ಅರ್ಧದಷ್ಟು ಮನೋರೋಗ ಇರುವವರ ಮೇಲೆ, ಪರೀಕ್ಷಿಸಿದ ಫಲಿತಾಂಶ 2016ರಲ್ಲಿ ಹೊರಬಂತು. ಮಾನಸಿಕ ಅಡ್ಡಪರಿಣಾಮಗಳು ಗಣನೀಯವಾಗಿ ಹೆಚ್ಚಲಿಲ್ಲ. ಅದೇ ವರ್ಷದ ಕೊನೆಗೆ ಅಮೆರಿಕದ ಔಷಧ ನಿಯಂತ್ರಕರು ಆ ಮಾತ್ರೆಗಳ ಮೇಲಿದ್ದ ಅತಿ ಗಂಭೀರ ಮಾನಸಿಕ ಎಚ್ಚರಿಕೆಯನ್ನು ತೆಗೆದರು. ಬಿಡಲು ಸಹಾಯ ಕೇಳುವ ಹಕ್ಕು ಉಳಿದವರಿಗೆ ಇರುವಷ್ಟೇ ಇವರಿಗೂ ಇದೆ.

ಮದ್ಯದ ಕತೆ ಇನ್ನೂ ಗೋಜಲು. ಕುಡಿತದಿಂದ ಬೇಸರ ಬಂತೋ, ಬೇಸರದಿಂದ ಕುಡಿತ ಬಂತೋ ಎಂದು ಮನೆಯವರು ವರ್ಷಗಟ್ಟಲೆ ವಾದಿಸುತ್ತಾರೆ. ವೈದ್ಯರ ಬಳಿ ಇದಕ್ಕೊಂದು ಪರೀಕ್ಷೆಯಿದೆ, ಅದು ಕಾಲದ ಪರೀಕ್ಷೆ. ಕುಡಿತ ಪೂರ್ತಿ ನಿಂತ ಮೇಲೆ ಖಿನ್ನತೆ ಎಷ್ಟೋ ಮಂದಿಯಲ್ಲಿ ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿಯೇ ಹಗುರಾಗುತ್ತದೆ. ಆಮೇಲೂ ಉಳಿದರೆ ಅದು ಸ್ವತಂತ್ರವಾದ ಕಾಯಿಲೆ ಎಂದು ತಿಳಿದು ಬೇರೆಯಾಗಿ ಚಿಕಿತ್ಸೆ ಕೊಡುತ್ತಾರೆ. ಆದರೆ ಆ ನಾಲ್ಕು ವಾರ ಯಾರೂ ಸುಮ್ಮನೆ ಕಾಯಬಾರದು. ಬದುಕುವುದು ಬೇಡ ಎಂಬ ಯೋಚನೆ ಹೆಚ್ಚಾಗಿ ಕಾಡುವುದು ಈ ಎರಡೂ ಸೇರಿದ ಹೊತ್ತಿನಲ್ಲೇ. ಇನ್ನು ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡರಿಂದ ನಾಲ್ಕನೇ ದಿನದೊಳಗೆ ಕೈನಡುಕ, ಜ್ವರ, ಇಲ್ಲದ್ದನ್ನು ಕಾಣುವುದು, ದಿಕ್ಕುತಪ್ಪಿದ ಮಾತು ಬರಬಹುದು. ಹಬ್ಬಕ್ಕೆಂದು, ಹರಕೆಗೆಂದು, ಕಾಲು ಮುರಿದು ಆಸ್ಪತ್ರೆ ಸೇರಿದ್ದಕ್ಕೆಂದು ಕುಡಿತ ನಿಂತಾಗ ಹೀಗಾದರೆ ‘ಗಾಳಿ ಸೋಕಿದೆ’ ಎಂದು ಮಂತ್ರ ಹಾಕಿಸಲು ಕರೆದೊಯ್ಯುವ ಮನೆಗಳು ಇಂದಿಗೂ ಇವೆ. ಅದು ಜೀವಕ್ಕೇ ಅಪಾಯವಾಗುವ ಸ್ಥಿತಿ. ಲೊರಾಜೆಪಾಮ್‌ನಂಥ ಮಾತ್ರೆ, ಥಯಾಮಿನ್ ಇಂಜೆಕ್ಷನ್, ಆಸ್ಪತ್ರೆಯ ಹಾಸಿಗೆ ಅದಕ್ಕೆ ಬೇಕು.

ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಷೇಧವಾಯಿತು. ಕುಡಿತ ಮಾತ್ರ ಅಗ್ಗದ ವಿಸ್ಕಿಯ ಪ್ಯಾಕೆಟ್ಟಿಗೆ ಜಾರಿತು. ಆ ಪ್ಯಾಕೆಟ್ಟಿನ ಎದುರು ಸೋತ ಹೆಂಡತಿ, ತಾಯಿ ಏನು ಮಾಡಬೇಕು? ಬಸ್ ನಿಲ್ದಾಣದ ಗೋಡೆಗಳ ಮೇಲೆ, ಮೊಬೈಲಿನಲ್ಲಿ ಒಂದು ಜಾಹೀರಾತು ಅವರಿಗಾಗಿ ಕಾದಿರುತ್ತದೆ: ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ. ಸಾರಿನಲ್ಲಿ ಬೆರೆಸಿ ಕೊಡಿ ಎನ್ನುತ್ತಾರೆ. ಪುಡಿಯೊಳಗೆ ಏನಿದೆ ಎಂಬುದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಂ ಎಂಬ ಮಾತ್ರೆಯನ್ನೇ ಪುಡಿ ಮಾಡಿ ಅನ್ನದಲ್ಲಿ ಕಲಸುವ ಮನೆಗಳೂ ಇವೆ. ಆ ಮಾತ್ರೆ ದೇಹದಲ್ಲಿರುವಾಗ ಮದ್ಯ ಹೊಟ್ಟೆಗೆ ಬಿದ್ದರೆ ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ತುಂಬಿಕೊಳ್ಳುತ್ತದೆ. ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಿದ್ದರೆ ಪ್ರಾಣವೇ ಹೋಗಬಹುದು. ಮೆದುಳಿನ ಡೋಪಮಿನ್ ಎಂಬ ರಾಸಾಯನಿಕವನ್ನು ಬೇರೊಂದಾಗಿ ಬದಲಿಸುವ ಕಿಣ್ವವನ್ನೂ ಆ ಮಾತ್ರೆ ತಡೆಯುವುದರಿಂದ ಮೊದಲೇ ಭ್ರಮೆಗಳ ಕಾಯಿಲೆ ಇರುವವರಲ್ಲಿ ಭ್ರಮೆ ಕೆರಳಬಹುದು. ತಿಳಿದು, ಒಪ್ಪಿ, ಪರೀಕ್ಷೆ ಮಾಡಿಸಿಕೊಂಡು ತೆಗೆದುಕೊಳ್ಳುವವರಿಗೆ ಉಪಯೋಗಕ್ಕೆ ಬರುವ ಔಷಧ ಅದು. ಅನ್ನದಲ್ಲಿ ಕದ್ದು ಕಲಸಿದಾಗ ಇನ್ನೊಂದು ಹಾನಿಯೂ ಆಗುತ್ತದೆ. ‘ನನಗೆ ಊಟದಲ್ಲಿ ಏನೋ ಹಾಕುತ್ತಿದ್ದಾರೆ’ ಎಂದು ಮೊದಲೇ ಅನುಮಾನ ಪಡುವ ಕಾಯಿಲೆಯವನ ಅನುಮಾನ ನಿಜವಾಗುತ್ತದೆ. ಆಮೇಲೆ ಆ ಮನೆಯ ತಟ್ಟೆಯನ್ನೂ ಮಾತ್ರೆಯನ್ನೂ ಅವನು ನಂಬುವುದು ಕಷ್ಟ. ಆ ಹೆಂಡತಿಯನ್ನು, ತಾಯಿಯನ್ನು ದೂರಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೇಳಿಕೊಂಡು ಹೋದ ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ಅವರು ಆ ಪುಡಿಯ ಕಡೆ ನೋಡಿರುತ್ತಾರೆ.

ಬಾಗಿಲುಗಳು ಮುಚ್ಚುವುದು ಹೀಗೆ. ಮನೋರೋಗ ವಿಭಾಗದಲ್ಲಿ ‘ಮೊದಲು ಕುಡಿಯೋದು ಬಿಟ್ಟು ಬಾ, ಆಮೇಲೆ ನೋಡೋಣ’ ಎನ್ನುತ್ತಾರೆ. ಕುಡಿತ ಬಿಡಿಸುವ ಕೇಂದ್ರದಲ್ಲಿ ‘ಇವರಿಗೆ ತಲೆಯ ತೊಂದರೆ ಇದೆ, ಮೊದಲು ಅದನ್ನು ಸರಿಮಾಡಿಸಿ’ ಎನ್ನುತ್ತಾರೆ. ಈ ಒಡಕು ಆಡಳಿತದಲ್ಲೇ ಇದೆ. ಮಾನಸಿಕ ಆರೋಗ್ಯವು ಕೇಂದ್ರ ಸರ್ಕಾರದ ಆರೋಗ್ಯ ಸಚಿವಾಲಯದ ಹೊಣೆ. ವ್ಯಸನಿಗಳ ಪುನರ್ವಸತಿ ಕೇಂದ್ರಗಳಿಗೆ ಅನುದಾನ ಬರುವುದು ಸಾಮಾಜಿಕ ನ್ಯಾಯ ಸಚಿವಾಲಯದಿಂದ. ಒಬ್ಬನೇ ಮನುಷ್ಯ, ಎರಡು ಕಡತ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗದ ವ್ಯಾಖ್ಯೆಯೊಳಗೇ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಸೇರಿಸಿದೆ. ಕಾನೂನು ಎರಡನ್ನೂ ಕೂಡಿಸಿ ವರ್ಷಗಳಾದವು.

ಆ ಮುಚ್ಚುವ ಬಾಗಿಲುಗಳ ಹಿಂದೆ ಹಳೆಯದೊಂದು ಅಭ್ಯಾಸವಿದೆ: ಚಟದ ಬಗ್ಗೆ ಕೇಳುವುದೆಂದರೆ ತಪ್ಪು ಹೊರಿಸಲು ಕೇಳುವುದು. ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ‘ರೋಗದ ಕಾರಣ’ ಎಂಬ ಕಲಮಿನಲ್ಲಿ ಗಾಂಜಾ ಎಂದು ಸಲೀಸಾಗಿ ಬರೆದಿರುತ್ತಿತ್ತು. 1893–94ರಲ್ಲಿ ಅದೇ ಸರ್ಕಾರ ನೇಮಿಸಿದ ಗಾಂಜಾ ಆಯೋಗ ಈ ದಾಖಲೆಗಳನ್ನೇ ಬಿಡಿಸಿ ನೋಡಿತು. ಆ ಕಾರಣವನ್ನು ಎಷ್ಟೋ ಸಲ ಬರೆದಿದ್ದವರು ರೋಗಿಯನ್ನು ಹಿಡಿದು ತಂದ ಪೊಲೀಸರು. ರೋಗಿ ಗಾಂಜಾ ಸೇದುತ್ತಿದ್ದ ಎಂಬ ಬಾಯಿಮಾತೇ ಸಾಕಾಗುತ್ತಿತ್ತು. 1892ರಲ್ಲಿ ಗಾಂಜಾದಿಂದ ಹುಚ್ಚು ಎಂದು ದಾಖಲಾದ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಉಳಿದವು. ಗಾಂಜಾ ನಿರಪಾಯಕಾರಿ ಎಂದು ಇದರಿಂದ ತಿಳಿಯಬಾರದು. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು ಹದಿನೈದು ವರ್ಷ ಹಿಂಬಾಲಿಸಿದ ಅಧ್ಯಯನ 1987ರಲ್ಲಿ ತೋರಿಸಿದ್ದು, ಹದಿಹರೆಯದಲ್ಲಿ ಹೆಚ್ಚು ಗಾಂಜಾ ಸೇದಿದವರಿಗೆ ಸ್ಕಿಜೋಫ್ರೇನಿಯಾದ ಸಂಭವ ಆರು ಪಟ್ಟು ಎಂದು. ಕಾಯಿಲೆ ಈಗಾಗಲೇ ಇರುವವರು ಸೇದಿದರೆ ಅದು ಮತ್ತೆ ಮತ್ತೆ ಮರುಕಳಿಸುತ್ತದೆ. ಆದ್ದರಿಂದಲೇ ಕೇಳಬೇಕು, ನಿಜವಾದ ಉತ್ತರ ಬರುವ ಹಾಗೆ ಕೇಳಬೇಕು. ಪೊಲೀಸು ಕೇಳುವ ದನಿಯಲ್ಲಿ ಕೇಳಿದರೆ ಹುಡುಗ ‘ಇಲ್ಲ ಸರ್’ ಎನ್ನುತ್ತಾನೆ, ಪಕ್ಕದಲ್ಲಿ ಅಪ್ಪ ಕೂತಿದ್ದರಂತೂ ಖಂಡಿತ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಮಾದಕವಸ್ತು ಕಾಯ್ದೆಯ 64ಎ ಕಲಮು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ ಎಂಬುದನ್ನು ಅವನಿಗೆ ಯಾರಾದರೂ ಹೇಳಿರಬೇಕಲ್ಲ!

ಆಸ್ಪತ್ರೆಯೇ ಕೊಟ್ಟ ಮಾತ್ರೆಗಳೂ ಚಟವಾಗುತ್ತವೆ ಎಂಬುದನ್ನು ಮರೆಯುವಂತಿಲ್ಲ. ನಿದ್ದೆಗೆಂದು ಎರಡು ವಾರಕ್ಕೆ ಬರೆದ ಅಲ್ಪ್ರಜೋಲಾಮ್ ಹಳೆಯ ಚೀಟಿಯ ಬಲದಲ್ಲಿ ವರ್ಷಗಟ್ಟಲೆ ಸಾಗುತ್ತದೆ. ಮೈ ಬಿಗಿತಕ್ಕೆ, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಕೆಲವರಿಗೆ ಒಂದು ಬಗೆಯ ಉಲ್ಲಾಸ ಕೊಡುತ್ತದೆ, ಅವರು ಅದನ್ನಷ್ಟೇ ಹೆಚ್ಚು ಹೆಚ್ಚು ಕೇಳತೊಡಗುತ್ತಾರೆ. ಅಲ್ಪ್ರಜೋಲಾಮ್‌ನಂಥ ಮಾತ್ರೆ ಮತ್ತು ಮದ್ಯ ಎರಡೂ ಸೇರಿದರೆ ಉಸಿರಾಟವೇ ಕುಗ್ಗಬಹುದು.

ಮನೋರೋಗ, ಚಟ ಎರಡಕ್ಕೂ ಒಂದೇ ತಂಡ, ಒಂದೇ ಕಡೆ, ಒಟ್ಟಿಗೆ ಚಿಕಿತ್ಸೆ ಕೊಡಬಹುದೆಂದು ಅಮೆರಿಕದ ನ್ಯೂಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಜೊತೆಗಾರರು ದಶಕಗಳ ಹಿಂದೆಯೇ ಮಾಡಿ ತೋರಿಸಿದರು. ಬಿಟ್ಟರೆ ಮಾತ್ರ ಚಿಕಿತ್ಸೆ ಎಂಬ ಷರತ್ತು ಅಲ್ಲಿಲ್ಲ. ಮೊದಲು ನಂಟು ಬೆಳೆಯಬೇಕು, ಆಮೇಲೆ ಬಿಡುವ ಮನಸ್ಸು, ಆಮೇಲೆ ಬಿಡುವ ಕೆಲಸ. ಮರಳಿ ಜಾರಿದರೆ ಹೊರಗೆ ಹಾಕುವುದಿಲ್ಲ, ಮತ್ತೆ ಶುರು. ಇದಕ್ಕೆ ಬೇಕಾದ ನೆಲ ನಮ್ಮಲ್ಲಿಲ್ಲ ಎನ್ನುವಂತಿಲ್ಲ. ಜಿಲ್ಲೆಯ ಮಟ್ಟದಲ್ಲಿ ಮನೋರೋಗ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿದ್ದು 1985ರಲ್ಲಿ ಆರಂಭವಾದ ಬಳ್ಳಾರಿಯ ಪ್ರಯೋಗ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರ ಮನೋವೈದ್ಯ ವಿಭಾಗದ ಜೊತೆಯಲ್ಲೇ ಬೆಳೆದಿದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ಕುಡಿತ ಬಿಡುವವರಿಗೆ ಊರೂರಲ್ಲಿ ಮದ್ಯವರ್ಜನ ಶಿಬಿರಗಳಿವೆ, ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಗಳಿವೆ. ಅಲ್ಲಿ ಯಾರಾದರೂ ‘ತಲೆಯ ಮಾತ್ರೆಯೂ ಒಂದು ಚಟವೇ, ಅದನ್ನೂ ಬಿಡು’ ಎಂದರೆ ಕೇಳಬೇಡಿ. ಸದಸ್ಯರು ವೈದ್ಯರಾಗಲು ಹೋಗಬಾರದು ಎಂದು ಎಎ ಸಂಘಟನೆ ತನ್ನ ಪುಸ್ತಿಕೆಯಲ್ಲೇ ಬರೆದಿದೆ. ಅದನ್ನು ಕಟ್ಟಿದ ಬಿಲ್ ವಿಲ್ಸನ್ ಸ್ವತಃ ಕುಡಿತ ಬಿಟ್ಟ ಎಷ್ಟೋ ವರ್ಷಗಳ ಮೇಲೂ ಖಿನ್ನತೆಯಿಂದ ನರಳಿ ಮನೋವೈದ್ಯರ ಬಳಿ ಹೋಗಿದ್ದವರು.

ಮನೆಯಲ್ಲಿ ಈ ವಾರವೇ ಎದುರಾಗುವ ಒಂದು ಪ್ರಶ್ನೆಯಿದೆ. ‘ಮಾತ್ರೆ ತಗೊಂಡು ಕುಡಿಯಬೇಡ’ ಎಂದು ವೈದ್ಯರು ಹೇಳಿರುತ್ತಾರೆ. ಭಾನುವಾರ ಬಾಡೂಟ, ನೆಂಟರು, ಎಣ್ಣೆ. ಅವನು ಮಾತು ಮೀರುವುದಿಲ್ಲ: ಕುಡಿಯುತ್ತಾನೆ, ಮಾತ್ರೆ ಬಿಡುತ್ತಾನೆ. ‘ಕುಡಿದಿದ್ದೀಯಲ್ಲೋ, ಇವತ್ತು ಬೇಡ’ ಎಂದು ತಾಯಿಯೂ ಡಬ್ಬಿ ಎತ್ತಿಡುತ್ತಾಳೆ. ಮಾತ್ರೆ ತಪ್ಪಿದ ಭಾನುವಾರಗಳು ಕೂಡಿಕೂಡಿ ಕಾಯಿಲೆ ಮರುಕಳಿಸುತ್ತದೆ. ಅಂಥ ರಾತ್ರಿ ಯಾವ ಮಾತ್ರೆ ತೆಗೆದುಕೊಳ್ಳಲೇಬೇಕು, ನಿದ್ದೆಯ ಮಾತ್ರೆಯಂಥ ಯಾವುದನ್ನು ಮುಟ್ಟಲೇಬಾರದು ಎಂಬುದು ಔಷಧದಿಂದ ಔಷಧಕ್ಕೆ ಬೇರೆ. ಮೊದಲೇ ಕೇಳಿ ಚೀಟಿಯ ಹಿಂದೆ ಬರೆಸಿಕೊಳ್ಳಬಹುದು. ಮಾತ್ರೆ ಪದೇ ಪದೇ ತಪ್ಪುವವರಿಗೆ ಕೆಲವು ವಾರಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇದೆಯೇ ಎಂದೂ ಕೇಳಬಹುದು. ಆಸ್ಪತ್ರೆ ದೂರವಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಕರೆ ಮಾಡುವಾಗ ಮಾತ್ರೆಗಳ ಹೆಸರನ್ನು, ದಿನಕ್ಕೆಷ್ಟು ಬೀಡಿ, ವಾರಕ್ಕೆಷ್ಟು ಕುಡಿತ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಎದುರಿಗಿಟ್ಟುಕೊಂಡಿರಿ.